ಬಿಸಿಲಿಗೆ ಹರವಿದ ರಬ್ಬರ್ ಬೀಜ

ಸದಾನಂದರೇ, ಆ ರಬ್ಬರ್ ಬೀಜಗಳನ್ನು ಕೊಂದವನು ನಾನು. ಕೊಂಕಣದ ಮಣ್ಣಲ್ಲ; ನೀವಂತೂ ಅಲ್ಲವೇ ಅಲ್ಲ.

ಎಪ್ಪತ್ತರ ದಶಕದ ಆರಂಭ. ಭಾಂಡುಪಿನ ನಮ್ಮ ರಬ್ಬರ್ ಕಾರ್ಖಾನೆಯ ಸೇಠರಿಗೆ ಕೊಂಕಣದಲ್ಲಿ ಸ್ವಂತ ರಬ್ಬರ್ ತೋಟ ಎಬ್ಬಿಸುವ ಹುಚ್ಚು ಹಿಡಿದಿತ್ತು. ಆ ಕಡೆ ಯಾರೂ ಆ ಗಿಡ ನೆಟ್ಟಿದ್ದನ್ನು ನಾವು ಕೇಳಿರಲಿಲ್ಲ. ಸುಳ್ಯದ ತೋಟಗಳಲ್ಲಿ ಪಳಗಿದ ನಿಮ್ಮನ್ನು ಅದಕ್ಕೆಂದೇ ಕರೆಸಿದರು. ನೀವು ಹೆಂಡತಿ, ಕೂಸಿನೊಂದಿಗೆ ಚೆಂಬೂರಿನಲ್ಲಿ ಮನೆ ಹೂಡಿದಿರಿ. ನಾನು ಸ್ಟೋರಿನ ಗುಮಾಸ್ತ, ವಿಜಾಪುರದ ಜೋಳದ ಹೊಲದಿಂದ ಬಂದವನು.

ಕೇರಳದಿಂದ ಬೀಜದ ಪೆಟ್ಟಿಗೆಗಳು ಬಂದಾಗ ನೀವು ಕೊಂಕಣದಲ್ಲಿ ಪಾತಿ ಮಾಡಿಸುತ್ತಿದ್ದಿರಿ. ಅವನ್ನು ಅಲ್ಲಿಗೆ ಒಯ್ಯುವ ಲಾರಿ ಬರಲು ಇನ್ನೂ ನಾಲ್ಕು ದಿನವಿತ್ತು. ಮುಚ್ಚಳ ತೆಗೆದರೆ — ಬೀಜವೆಲ್ಲ ಒದ್ದೆ ಇದ್ದಿಲ ಪುಡಿಯೊಳಗೆ. ನಮ್ಮ ಮನೆಯಲ್ಲಿ ಬಿತ್ತುವ ಬೀಜಕ್ಕೆ ಹನಿ ನೀರು ತಾಗಿದರೂ ಅವ್ವ ಬೈಯುತ್ತಿದ್ದಳು. ಯಾವನೋ ತಿಳಿಗೇಡಿ ತುಂಬಿದ್ದಾನೆ, ಕೊಳೆತೇ ಹೋಗುತ್ತವೆ ಎಂದುಕೊಂಡೆ. ಎಲ್ಲವನ್ನೂ ಬಿಲ್ಡಿಂಗಿನ ಗಚ್ಚಿಯ ಮೇಲೆ ಮೂರು ದಿನ ಬಿಸಿಲಿಗೆ ಹರವಿ, ಗಲಗಲ ಅನ್ನುವ ಹಾಗೆ ಒಣಗಿಸಿ, ಮತ್ತೆ ತುಂಬಿ ಕಳಿಸಿದೆ — ಬೀಜ ಉಳಿಸಿದೆನೆಂಬ ಹಮ್ಮು ಬೇರೆ.

ಒಂದು ಪಾತಿಯಲ್ಲೂ ಮೊಳಕೆ ಏಳಲಿಲ್ಲ. ನೀವು ಬಂದು ಸೇಠರ ಎದುರಿಗೇ ಬೀಜ ಒಡೆದು, ಕುಗ್ಗಿದ ತಿರುಳು ತೋರಿಸಿದಿರಿ.

"ರಬ್ಬರ್ ಬೀಜ ಒಣಗಿದ್ರೆ ಸತ್ತ ಹಾಗೆ. ಇಲ್ಲಿ ಬಿಸಿಲಿಗೆ ಏನಾದ್ರೂ ಹಾಕಿದ್ರಾ ಮಾರಾಯ್ರೇ?"

"ಇಲ್ರಿ. ಹೆಂಗ ಬಂದಿದ್ವು, ಹಂಗ ಕಳಿಸೀನಿ."

ಅಷ್ಟೇ ಮಾತು. ಆ ವಾರವೇ ನಿಮ್ಮನ್ನು ಕೆಲಸದಿಂದ ತೆಗೆದರು. ಆ ಮಣ್ಣಿಗೆ ರಬ್ಬರ್ ಒಗ್ಗದು, ತೋಟ ಮಾಡಲು ಬಂದವನಿಗೂ ಏನೂ ತಿಳಿಯದು ಎಂದು ಫೈಲಿಗೆ ಷರಾ ಬಿತ್ತು — ಅದನ್ನು ಟೈಪ್ ಮಾಡಿದ್ದೂ ನಾನೇ. ಆಗಲಾದರೂ ಬಾಯಿ ಬಿಡಬಹುದಿತ್ತು... ಬಿಡಲಿಲ್ಲ. ನನ್ನ ನೌಕರಿ ಉಳಿಯಿತು.

ಹೋದ ವಾರ ವಿಲೆ ಪಾರ್ಲೆಯ ನಿಮ್ಮ ಅಂಗಡಿಯ ಮುಂದೆ ಹಾಯುವಾಗ ನೀವೇ ಗುರುತು ಹಿಡಿದು ಕೂಗಿದಿರಿ. ಇಷ್ಟು ವರ್ಷದ ಮೇಲೆ — ಕೂರಿಸಿ, ಚಹಾ ತರಿಸಿದಿರಿ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮಗನಿಗೆ ಹೇಳಿದಿರಿ: "ಇವರು ಪಾಪ, ಬೀಜ ಸರಿಯಾಗಿಯೇ ಕಳ್ಸಿದ್ರು. ನಾನು ಸುಮ್ಮನೆ ಇವರ ಮೇಲೆ ಸಂಶಯಪಟ್ಟೆ. ತಪ್ಪು ನನ್ನದೇ."

ಅವನು ನಕ್ಕ. "ಪಪ್ಪಂಗೆ ಆ ತೋಟದ ಕೆಲಸ ಜಮಲೇ ಇಲ್ಲ, ಅಂಕಲ್. ಕೈಗೆ ಹತ್ತಲೇ ಇಲ್ಲ."

ನೀವೂ ನಕ್ಕಿರಿ. ನಾನು ಚಹಾ ಮುಗಿಸಿ ಎದ್ದು ಬಂದೆ. ಥೂ, ನನ್ನ ಜನ್ಮಕ್ಕಿಷ್ಟು.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಭಾನುವಾರ ನಾನೇ ತರುತ್ತೇನೆ. ನಿಮ್ಮ ಮಗನಿಗೆ ಕನ್ನಡ ಓದಲು ಬಾರದು ಅಂದಿರಿ. ಅವನೆದುರು ನಾನೇ ಗಟ್ಟಿಯಾಗಿ ಓದುತ್ತೇನೆ.