ಗಿರಿಜಕ್ಕನ ಮಲ್ಲಿಗೆಗೆ ನಾನು ಮಾಡಿಕೊಟ್ಟ ಆಟೊಮೇಷನ್

ಕೋವಿಡ್ ಗಲಾಟೆ ಮುಗಿದು ಅಂಗಡಿಗಳೆಲ್ಲ ಮತ್ತೆ ಪೂರ್ತಿ ಬಾಗಿಲು ತೆರೆದ ವರ್ಷ. ಮಣಿಪಾಲದ ಒಂದು ಜೆರಾಕ್ಸ್ ಅಂಗಡಿಯ ಮೇಲ್ಮಹಡಿಯಲ್ಲಿ ನಾನು ಡಿಜಿಟಲ್ ಮಾರ್ಕೆಟಿಂಗ್ ಕಚೇರಿ ನಡೆಸುತ್ತಿದ್ದೆ. ಕಚೇರಿ ಎಂದರೆ ಎರಡು ಮೇಜು, ಮೂರು ಕುರ್ಚಿ ಮತ್ತು ಬೋರ್ಡಿನಲ್ಲಿ ‘ಶಾಲಿನಿ, ಡೈರೆಕ್ಟರ್’ ಎಂದು ನಾನೇ ಬರೆಸಿಕೊಂಡ ಪದವಿ. ಗಿರಾಕಿಗಳೆಲ್ಲ ಸಣ್ಣ ವ್ಯಾಪಾರಿಗಳು: ಬನ್ನಂಜೆಯ ಟೈಲರ್, ಕಾರ್ಕಳದ ಬೇಕರಿ, ಉಡುಪಿಯ ಪಾತ್ರೆ ಅಂಗಡಿ. ಇವರಲ್ಲಿ ಯಾರಿಗೂ ದಿನವಿಡೀ ಇನ್‌ಸ್ಟಾಗ್ರಾಂ ನೋಡುತ್ತ ಕೂರುವ ಪುರುಸೊತ್ತಿರಲಿಲ್ಲ. ಅದಕ್ಕೇ ನಾನು ಆಟೊಮೇಷನ್ ಟೂಲ್ ಹಾಕಿಕೊಡುತ್ತಿದ್ದೆ. ಸೋಮವಾರ ಒಂದು ಗಂಟೆ ಕೂತು ವಾರದ ಪೋಸ್ಟುಗಳನ್ನೆಲ್ಲ ತುಂಬಿಸಿಟ್ಟರೆ ಹೇಳಿದ ಹೊತ್ತಿಗೆ ಅವು ತಾವೇ ಪ್ರಕಟವಾಗುತ್ತವೆ. ಯಾರಾದರೂ ‘ರೇಟ್ ಎಷ್ಟು’ ಎಂದು ಕೇಳಿದರೆ ಉತ್ತರವೂ ತಾನೇ ಹೋಗುತ್ತದೆ. ಕೆಲಸ ಇಷ್ಟೇ. ಆದರೆ ಅದನ್ನು ನಾನು ವಿವರಿಸುತ್ತಿದ್ದ ಗತ್ತು ನೆನೆದರೆ ಈಗ ನಗು ಬರುತ್ತದೆ.

ಕಾಪುವಿನ ಗಿರಿಜಕ್ಕ ನನ್ನ ಹದಿನಾರನೆಯ ಗಿರಾಕಿ. ಬಸ್ ನಿಲ್ದಾಣದ ಹತ್ತಿರ ಅವರದು ಮಲ್ಲಿಗೆ ಅಂಗಡಿ. ಶಂಕರಪುರದ ಬೆಳೆಗಾರರು ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ ಕಳಿಸುತ್ತಾರೆ. ಕಟ್ಟಿದ ಹೂವಿನ ಒಂದು ಸುರುಳಿಗೆ ಚೆಂಡು ಎನ್ನುತ್ತಾರೆ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದರ ದಿನಕ್ಕೊಂದು. ಬಿಡಿಯಾಗಿ ಬಂದ ಹೂವನ್ನು ಗಿರಿಜಕ್ಕ ಅಂಗಡಿಯಲ್ಲಿ ತಾವೇ ಕಟ್ಟುತ್ತಿದ್ದರು. ಕೈಯಲ್ಲಿ ಹೂ, ಭುಜ ಮತ್ತು ಕಿವಿಯ ನಡುವೆ ಫೋನು. ಅವರ ಕುತ್ತಿಗೆ ಒಂದು ಬದಿಗೆ ವಾಲಿಯೇ ಹೋಗಿತ್ತು. ಡಾಕ್ಟರು ಫೋನ್ ಕಡಿಮೆ ಮಾಡಿ ಎಂದ ಮೇಲೆ ನನ್ನ ಬಳಿ ಬಂದರು.

ಒಂದು ದಿನ ಇಡೀ ಅವರ ಅಂಗಡಿಯಲ್ಲಿ ಕೂತು ನೋಡಿದೆ. ಪ್ರತಿ ಕರೆಗೂ ಅವರ ಮೊದಲ ಪ್ರಶ್ನೆ, “ಎಂತಕ್ಕೆ ಹೂ?” ಮದುವೆಗೆ ಎಂದರೆ ಹುಡುಗಿ ಯಾರ ಮಗಳು, ಹಾಲ್ ಎಲ್ಲಿ, ಸೀಮಂತಕ್ಕೆ ಎಂದರೆ ಎಷ್ಟನೆಯ ತಿಂಗಳು. ಒಂದು ಚೆಂಡಿನ ಆರ್ಡರಿಗೆ ನಾಲ್ಕು ನಿಮಿಷ! ನಾನು ಮೊಬೈಲಿನಲ್ಲಿ ಟೈಮ್ ನೋಡಿ ಬರೆದುಕೊಂಡೆ.

ಮರುವಾರ ಹೊಸ ವ್ಯವಸ್ಥೆ ತಯಾರಾಯಿತು. ಗಿರಿಜಕ್ಕ ಆ ದಿನದ ದರವನ್ನು ಒಂದು ಅಂಕಿಯಾಗಿ ಕಳಿಸಿದರೆ ಸಾಕು, ಟೂಲ್ ಅದನ್ನು ಚಂದದ ಚಿತ್ರದಲ್ಲಿ ಕೂರಿಸಿ ಎಲ್ಲ ಕಡೆ ಹಾಕುತ್ತಿತ್ತು. ಹೂ ಬೇಕಾದವರು ಲಿಂಕ್ ಒತ್ತಿ ಹೆಸರು, ಫೋನ್ ನಂಬರ್, ತಾರೀಕು, ಎಷ್ಟು ಚೆಂಡು, ಯಾವ ಊರಿನ ಬಸ್ಸಿಗೆ ಹಾಕಬೇಕು ಎಂದು ತುಂಬಬೇಕು. ತಕ್ಷಣ ‘ನಿಮ್ಮ ಆರ್ಡರ್ ಖಚಿತವಾಗಿದೆ’ ಎಂಬ ಸಂದೇಶ.

ಗಿರಿಜಕ್ಕ ಫಾರ್ಮನ್ನು ಕನ್ನಡಕ ಹಾಕಿಕೊಂಡು ನೋಡಿದರು. “ಎಂತಕ್ಕೆ ಅಂತ ಕೇಳುದು ಇಲ್ವಾ ಮೇಡಂ?”

“ಅದು ಜನರಿಗೆ ಕಿರಿಕಿರಿ ಗಿರಿಜಕ್ಕ. ಪ್ರಶ್ನೆ ಕಡಿಮೆ ಇದ್ದಷ್ಟು ಆರ್ಡರ್ ಜಾಸ್ತಿ.”

“ಹೌದಾ? ನಿಮಗೆ ಗೊತ್ತುಂಟಲ್ಲ, ಆಯ್ತು” ಎಂದರು.

ನನ್ನ ಮಾತು ಸುಳ್ಳಾಗಲಿಲ್ಲ. ಎರಡು ತಿಂಗಳಲ್ಲಿ ಆರ್ಡರ್ ಎರಡು ಪಟ್ಟಾಯಿತು. ಗಿರಿಜಕ್ಕನ ಕುತ್ತಿಗೆ ನೆಟ್ಟಗಾಯಿತು. ನನ್ನದು ಇನ್ನೂ ಸ್ವಲ್ಪ ಹೆಚ್ಚೇ ನೆಟ್ಟಗಾಯಿತು. ಸಿಕ್ಕಸಿಕ್ಕ ಅಂಗಡಿಯವರಿಗೆಲ್ಲ ಅವರ ಪೇಜು ತೋರಿಸಿ ಕೊಚ್ಚಿಕೊಂಡೆ.

ಆಮೇಲೆ ಚಳಿ ಬಿತ್ತು. ಚಳಿಗೆ ಮಲ್ಲಿಗೆ ಬಿಡುವುದು ಕಡಿಮೆ, ಮುಹೂರ್ತಗಳು ಮಾತ್ರ ಜಾಸ್ತಿ. ಒಂದು ಶನಿವಾರ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಗಿರಿಜಕ್ಕನ ಫೋನ್ ಬಂತು. ಮರುದಿನ ಭಾನುವಾರ, ದೊಡ್ಡ ಮುಹೂರ್ತ. ಇಪ್ಪತ್ತೊಂಬತ್ತು ಮಂದಿಗೆ ಒಟ್ಟು ಇಪ್ಪತ್ತೊಂದು ಅಟ್ಟೆ ಖಚಿತ ಎಂದು ನನ್ನ ಟೂಲ್ ಮಾತು ಕೊಟ್ಟಿತ್ತು. ಬಂದ ಹೂ ಒಂಬತ್ತೇ ಅಟ್ಟೆ.

“ಮದುವೆ ಯಾರದ್ದು, ಸುಮ್ಮನೆ ಮುಡಿಲಿಕ್ಕೆ ಯಾರದ್ದು? ನಿಮ್ಮ ಪಟ್ಟಿಯಲ್ಲಿ ಎಲ್ಲ ಒಂದೇ ಹಾಗೆ ಕಾಣ್ತದೆ” ಎಂದರು. “ಮೂವತ್ತು ವರ್ಷ ಆಯ್ತು ಮೇಡಂ. ನನ್ನತ್ರ ಹೇಳಿದ ಮದುಮಗಳಿಗೆ ಹೂ ಇಲ್ಲ ಅಂತ ಒಂದು ದಿನ ಆದದ್ದಿಲ್ಲ.”

ಆಗ ನನಗೆ ಹೊಳೆಯಿತು. ಹೂ ಕಡಿಮೆ ಬಂದಾಗಲೆಲ್ಲ ಅವರು ಮುಡಿಯುವವರ ಪಾಲು ತಗ್ಗಿಸಿ ಮದುವೆ ಮನೆಗೆ ಕೊಡುತ್ತಿದ್ದರು. ಆ ಹರಟೆ ಹರಟೆಯಾಗಿರಲಿಲ್ಲ, ಹೂ ಹಂಚುವ ಲೆಕ್ಕಾಚಾರವೇ ಅದರಲ್ಲಿತ್ತು. ನಾಲ್ಕು ನಿಮಿಷ ಉಳಿಸುವ ಉಮೇದಿನಲ್ಲಿ ನಾನು ಅದರ ಬುಡಕ್ಕೇ ಕತ್ತರಿ ಹಾಕಿದ್ದೆ.

ಸ್ಕೂಟರ್ ಹತ್ತಿ ಕಾಪುವಿಗೆ ಹೋದೆ. ಇಬ್ಬರೂ ಪಟ್ಟಿಯನ್ನು ಅರ್ಧರ್ಧ ಮಾಡಿಕೊಂಡು ಎಲ್ಲರಿಗೂ ಫೋನ್ ಮಾಡಲು ಕೂತೆವು. ನಾನು ಮೊದಲು ಕ್ಷಮೆ ಕೇಳಿ, ಆಮೇಲೆ ಕಾರಣ ವಿವರಿಸಿ, ಬೈಸಿಕೊಂಡು ಒಂದು ಕರೆ ಮುಗಿಸುವಷ್ಟರಲ್ಲಿ ಗಿರಿಜಕ್ಕ ಮೂರು ಮುಗಿಸುತ್ತಿದ್ದರು. ಬನ್ನಂಜೆಯ ಒಬ್ಬ ಟೀಚರ್ ಗೃಹಪ್ರವೇಶದ ಒಂದು ಅಟ್ಟೆಯನ್ನು ಒಂದು ಚೆಂಡಿಗೆ ಇಳಿಸಿದರು. ಕಾಪುವಿನವರೇ ಆದ ಬ್ಯಾರಿ ಮನೆಯ ಝೊಹರಾ ಎಂಬವರದು ಎರಡು ಅಟ್ಟೆ, ತಂಗಿಯ ಮಗಳ ಮೆಹಂದಿಗೆ. “ನಮ್ಮದು ನಾಳೆ ರಾತ್ರಿ ಅಲ್ವಾ ಗಿರಿಜಕ್ಕ, ನಾಳೆಯ ಹೂವಲ್ಲಿ ಕೊಡಿ. ಮದುಮಗಳ ಜಡೆ ಖಾಲಿ ಇಟ್ಟು ನಾವು ಮುಡಿಯುದು ಎಂತ ಚಂದ?” ಎಂದರು. ದೈವಸ್ಥಾನದವರು ಮಾತ್ರ ಒಂದು ಎಸಳೂ ಬಿಡಲಿಲ್ಲ. ಅದು ನ್ಯಾಯವೇ ಎಂದು ಗಿರಿಜಕ್ಕ ಅವರಿಗೆ ಪೂರ್ತಿ ಕೊಟ್ಟರು.

ಮೂರೂವರೆಗೆ ಮದುವೆಯ ಹೂವೆಲ್ಲ ಬಸ್ಸು ಹತ್ತಿತು. ಉಳಿದದ್ದು ಒಂದೇ ಹೆಸರು: ಸೌಮ್ಯ, ಕಾರ್ಕಳ, ಒಂದು ಚೆಂಡು. ಏಳು ಸಲ ಫೋನ್ ಮಾಡಿದರೂ ಎತ್ತಿರಲಿಲ್ಲ.

“ಒಂದೇ ಚೆಂಡು. ಮುಡಿಯಲಿಕ್ಕೇ ಇರಬೇಕು. ಹೂ ಇಲ್ಲ ಅಂತ ಮೆಸೇಜ್ ಕಳಿಸುವ” ಎಂದೆ.

“ನಿನಗೆ ಅವಳು ಹೇಳಿದ್ಳಾ?” ಎಂದರು ಗಿರಿಜಕ್ಕ. ಮೇಡಂ ಹೋಗಿ ನೀನು ಬಂದಿತ್ತು. ಬೈಗುಳವೋ ಬಳಕೆಯೋ ತಿಳಿಯದೆ ಮತ್ತೆ ನಂಬರ್ ಒತ್ತಿದೆ.

ನಾಲ್ಕೂವರೆಗೆ ಆ ಕಡೆಯಿಂದ ಫೋನ್ ಬಂತು. ಹುಡುಗಿ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಪಾಳಿ ಮುಗಿಯುವ ತನಕ ಮೊಬೈಲು ಗೇಟಿನಲ್ಲಿ. ಗಿರಿಜಕ್ಕ ತಮ್ಮ ಹಳೆಯ ಪ್ರಶ್ನೆ ಕೇಳಿದರು.

“ನನ್ನದೇ ಮದುವೆ ಅಕ್ಕ. ದೇವಸ್ಥಾನದಲ್ಲಿ, ಹತ್ತು ಜನ. ಒಂದು ಚೆಂಡು ಸಾಕು ಅಂತ… ಇಲ್ವಾ?”

ಗಿರಿಜಕ್ಕ ನನ್ನ ಮುಖ ನೋಡಲಿಲ್ಲ. ಅದೊಂದು ಉಪಕಾರ. “ಉಂಟು ಮಗಾ, ನಿನ್ನದು ತೆಗೆದಿಟ್ಟಿದ್ದೇನೆ” ಎಂದರು. ತೆಗೆದಿಟ್ಟದ್ದು ಒಂದು ಚೆಂಡು ನಿಜ. ಅದರ ಜೊತೆಗೆ, ಮನೆಯ ದೇವರಿಗೆಂದು ಗೋಡೆಯ ಮೊಳೆಯಲ್ಲಿ ತೂಗಿಸಿದ್ದ ಇನ್ನೊಂದನ್ನೂ ಇಳಿಸಿ ಬಾಳೆಲೆಯಲ್ಲಿ ಸುತ್ತಿದರು. ಕಾರ್ಕಳದ ಬಸ್ಸು ಹೋಗಿಯಾಗಿತ್ತು. ಶಿರ್ವ, ಬೆಳ್ಮಣ್ ದಾಟಿ ನಾನೇ ಸ್ಕೂಟರಿನಲ್ಲಿ ಒಯ್ದೆ. ಕಾರ್ಕಳದ ಬಸ್ ನಿಲ್ದಾಣದಲ್ಲಿ ಗೇರುಬೀಜದ ಕಲೆ ಹತ್ತಿದ ಎರಡು ಕೈಗಳು ಪೊಟ್ಟಣವನ್ನು ತೆಗೆದುಕೊಂಡವು. ಎರಡು ಚೆಂಡು ಕಂಡು ಆ ಹುಡುಗಿ ಒಂದನ್ನು ವಾಪಸ್ ಚಾಚಿದಳು. ನಾನು ಏನು ಹೇಳಿದೆನೋ ನೆನಪಿಲ್ಲ. ತಿರುಗಿ ಬರುವಾಗ ದಾರಿಯುದ್ದಕ್ಕೂ ಅತ್ತದ್ದು ನೆನಪಿದೆ.

ಮರುದಿನವೇ ಫಾರ್ಮಿಗೆ ಬಿಟ್ಟ ಪ್ರಶ್ನೆ ಸೇರಿಸಿದೆ. ‘ಖಚಿತವಾಗಿದೆ’ ತೆಗೆದು ‘ಹೂ ನೋಡಿ ಹೇಳುತ್ತೇವೆ’ ಎಂದು ಬದಲಿಸಿದೆ. ಆಮೇಲೆ ಯಾವ ಅಂಗಡಿಗೆ ಟೂಲ್ ಹಾಕುವಾಗಲೂ, ಮಾಲೀಕರು ಗಿರಾಕಿಗಳ ಜೊತೆ ಆಡುವ ‘ಅನಗತ್ಯ’ ಮಾತುಗಳನ್ನೇ ಮೊದಲು ಬರೆದುಕೊಂಡೆ. ಆ ಕಚೇರಿ ಈಗಿಲ್ಲ. ಆ ಬೋರ್ಡು, ಕಾಪುವಿನ ಆ ಮಧ್ಯಾಹ್ನಗಳು, ಗಿರಿಜಕ್ಕ ತರಿಸುತ್ತಿದ್ದ ಅತಿ ಸಿಹಿಯ ಚಹಾ, ಎಲ್ಲವೂ ಬಹಳ ನೆನಪಾಗುತ್ತವೆ.

ಅದೇ ಭಾನುವಾರ ಸಂಜೆ ಸೌಮ್ಯಳ ಮದುವೆಯ ಒಂದು ಫೋಟೊ ಗಿರಿಜಕ್ಕನ ಮೊಬೈಲಿಗೆ ಬಂದಿತ್ತು. ಸಾದಾ ಸೀರೆ, ತುಂಬು ಜಡೆ. ಅವರು ನನಗೂ ಕಳಿಸಿದರು. ಇಂಥ ಫೋಟೊ ಒಂದಿದ್ದರೆ ಪೇಜಿಗೆ ಬೇರೆ ಜಾಹೀರಾತೇ ಬೇಡ ಎಂದುಕೊಂಡು, ಸೋಮವಾರ ಬೆಳಗ್ಗೆ ಹತ್ತಕ್ಕೆ ಪ್ರಕಟವಾಗುವಂತೆ ಟೂಲಿನಲ್ಲಿ ತುಂಬಿಸಿಟ್ಟೆ. ಸೋಮವಾರ ಒಂಬತ್ತೂವರೆಗೆ ಅಂಗಡಿಗೆ ಹೋಗಿ ಸಂಭ್ರಮದಿಂದ ಹೇಳಿಯೂ ಹೇಳಿದೆ.

ಗಿರಿಜಕ್ಕ ಹೂ ಕಟ್ಟುತ್ತಲೇ ಇದ್ದರು. “ಅವಳು ಕಳಿಸಿದ್ದು ನನಗೆ ಮಾರಾಯ್ತಿ. ಅಂಗಡಿಗಲ್ಲ.”

ಹತ್ತು ಗಂಟೆಗೆ ಇನ್ನೂ ಸಮಯವಿತ್ತು. ಅವರ ಎದುರೇ ಕೂತು ಆ ಪೋಸ್ಟನ್ನು ಅಳಿಸಿದೆ.