ಕಾಲರಿನ ಒಳಗಿನ ನಂಬರು

ಗಂಟೆ ಬಾರಿಸಿದರೆ ರೂತ್ ಏಳುತ್ತಿರಲಿಲ್ಲ. ಬಾಗಿಲಿನ ಗಂಟೆಯಾಗಲಿ, ಫೋನಾಗಲಿ, ಮೈಕ್ರೊವೇವಾಗಲಿ ಕೂಗಿ ಕೂಗಿ ತಾನೇ ಸುಮ್ಮನಾಗಬೇಕು. ಆಮೇಲೆ ನಿಧಾನವಾಗಿ ಕುರ್ಚಿ ಬಿಡುವರು. "ಗಂಟೆ ಹೇಳಿದ ಹಾಗೆ ಎದ್ದದ್ದು ಸಾಕು" ಎನ್ನುವರು. ಅದಕ್ಕೇ ನಾನು ಅವರ ಬಾಗಿಲನ್ನು ಕೈಯಿಂದ ತಟ್ಟುತ್ತಿದ್ದೆ.

ಮಕ್ಕಳೇ, ನ್ಯೂಯಾರ್ಕಿನ ಹತ್ತಿರದ ಪಾರ್ಸಿಪನಿಯ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಅಜ್ಜಿ ಅವರು. ಈ ನೆಲದ ಮೂಲದವರಾದ ಮೊಹಾಕ್ ಜನ. ಗಂಡ ನ್ಯೂಯಾರ್ಕಿನ ಎತ್ತರದ ಕಟ್ಟಡಗಳಿಗೆ ಉಕ್ಕಿನ ತೊಲೆ ಜೋಡಿಸುತ್ತಿದ್ದರಂತೆ. ನನ್ನ ಇಂಗ್ಲಿಷಿಗೆ ಜನ ನಗುತ್ತಾರೆಂದು ನಾನು ಯಾರೆದುರೂ ಬಾಯಿ ತೆರೆಯುತ್ತಿರಲಿಲ್ಲ. ರೂತ್ ಬಿಡುತ್ತಿರಲಿಲ್ಲ. "ಸುಭದ್ರಾ, ತಪ್ಪಾದರೂ ಮಾತಾಡು. ಇಲ್ಲಿ ಯಾರೂ ಸೋಪು ಹಿಡಿದು ನಿಂತಿಲ್ಲ." ಆರನೆಯ ವಯಸ್ಸಿನಲ್ಲಿ ಅವರನ್ನೂ ತಂಗಿಯನ್ನೂ ಚರ್ಚಿನವರ ವಸತಿ ಶಾಲೆಗೆ ಒಯ್ದಿದ್ದರಂತೆ. ಅಲ್ಲಿ ಮನೆಯ ಭಾಷೆ ಆಡಿದ ಮಕ್ಕಳ ಬಾಯಿಗೆ ಸೋಪು ತಿಕ್ಕುತ್ತಿದ್ದರಂತೆ. ಅದಕ್ಕಿಂತ ಹೆಚ್ಚು ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಸೊಂಟದ ಮೂಳೆ ಮುರಿದ ಮೇಲೆ ಅವರು ನರ್ಸಿಂಗ್ ಹೋಮಿಗೆ ಹೋಗಬೇಕಾಯಿತು. "ಮತ್ತೆ ಶಾಲೆಯ ಅದೇ ಮಂಚಗಳ ಸಾಲು" ಎಂದು ವಾರಗಟ್ಟಲೆ ಹಟ ಹಿಡಿದು, ಕೊನೆಗೆ ಹೂಂ ಅಂದಿದ್ದರು. ಹೊರಡುವ ಹಿಂದಿನ ದಿನ ನಿಮ್ಮ ಅಮ್ಮ ಅಲ್ಲಿಂದ ಬಂದ ಕಾಗದ ಓದಿದಳು.

"ಅಮ್ಮಾ, ಬಟ್ಟೆಗೆಲ್ಲ ರೂಮ್ ನಂಬರ್ ಹಾಕ್ಬೇಕಂತೆ. ಇಲ್ಲಾಂದ್ರೆ ಲಾಂಡ್ರಿಲಿ ಮಿಕ್ಸ್ ಆಗತ್ತಂತೆ. ಮಾರ್ಕರ್ ಕೊಡ್ಲಾ?"

"ಮಾರ್ಕರ್ ಯಾಕೆ, ಹೊಲ್ದು ಕೊಡ್ತೀನಿ ಬಿಡೆ."

ನಮ್ಮೂರಿನ ಮಡಿವಾಳರು ಮನೆಮನೆಯ ಬಟ್ಟೆಗೂ ಒಂದೊಂದು ಗುರುತು ಹಾಕುತ್ತಿದ್ದರು. ನನಗೆ ಇದೂ ಹಾಗೆಯೇ ಕಂಡಿತು. ಹನ್ನೊಂದು ಬಟ್ಟೆಗಳ ಕಾಲರಿನ ಒಳಗೆ ಕೆಂಪು ದಾರದಲ್ಲಿ 214 ಎಂದು ಇಂಗ್ಲಿಷ್ ಅಂಕಿಗಳಲ್ಲಿ ಹೊಲಿದೆ. ಅವರ ನೀಲಿ ಸ್ವೆಟರಿಗೆ ಇನ್ನಷ್ಟು ಚೆಂದವಾಗಿ.

ಸ್ವೆಟರ್ ತಿರುವಿ ನೋಡಿದ ರೂತ್ ಬಿಳಿಚಿಕೊಂಡರು.

"ಯಾರು ಹೊಲಿದದ್ದು?"

"ನಾನೇ."

ಅದನ್ನು ನೆಲಕ್ಕೆ ಎಸೆದರು. ನಾನು ಗೋಡೆಗೆ ಒತ್ತಿ ನಿಂತೆ.

"ಶಾಲೆಯ ಅಂಗಿಯಲ್ಲೂ ಹೀಗೇ ನಂಬರು. ನಾನು ಮೂವತ್ತೊಂದು. ತಂಗಿ ಮೂವತ್ತೆರಡು. ಅವಳು ಜ್ವರದಲ್ಲಿ ಸತ್ತಳು. ಮುಂದಿನ ವಾರ ಬೇರೆ ಹುಡುಗಿ ಅವಳ ಅಂಗಿ ತೊಟ್ಟು ಸಾಲಿನಲ್ಲಿ ನಿಂತಿದ್ದಳು. ಮೂವತ್ತೆರಡು ಅಂತ ಕೂಗಿದರು. ಆ ಹುಡುಗಿ ಬಂದೆ ಅಂದಳು." ಉಸಿರು ಎಳೆದುಕೊಂಡರು. "ನಾನು ಹೋಗೋದಿಲ್ಲ."

ನಾನು ಕತ್ತರಿ ತಂದು ನೆಲದ ಮೇಲೆ ಕೂತು ಹೊಲಿಗೆ ಬಿಚ್ಚತೊಡಗಿದೆ. ಒಂದೊಂದನ್ನೂ ಅವರು ಇಸಿದುಕೊಂಡು ಹೆಬ್ಬೆರಳಿನಿಂದ ಸವರಿ ನೋಡುವರು. ಎಳೆ ಸಿಕ್ಕರೆ ಮತ್ತೆ ನನ್ನ ಮಡಿಲಿಗೆ ಹಾಕುವರು.

"ಹೆಸರು ಹೊಲಿಯಲೇ?" ಎಂದೆ ಹೆದರುತ್ತ.

"ರೂತ್ ಅನ್ನೋದೂ ಅವರೇ ಇಟ್ಟದ್ದು. ಅಮ್ಮ ಕರೀತಿದ್ದ ಹೆಸರು ಲಾಂಡ್ರಿಗಲ್ಲ."

"ಬಟ್ಟೆ ಕಳೆದುಹೋಗ್ತವೆ."

"ಹೋಗಲಿ."

ನಂಬರಿಲ್ಲದ ಬಟ್ಟೆಗಳನ್ನು ತುಂಬಿಕೊಂಡು ಮರುದಿನ ಹೊರಟರು. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಲೇ ಇಲ್ಲ. ಅವರಿಗೆ ನನ್ನ ಮುಖವೇ ಬೇಡವಾಗಿದೆ ಎಂದುಕೊಂಡು ಮೂರು ವಾರ ನಾನು ಆ ಕಡೆ ತಲೆ ಹಾಕಲಿಲ್ಲ. ಕೊನೆಗೆ ನಿಮ್ಮ ಅಮ್ಮನೇ ಒತ್ತಾಯ ಮಾಡಿ ಕಾರಿನಲ್ಲಿ ಕರೆದೊಯ್ದಳು.

ರೂತ್ ಯಾರದೋ ಗಂಡಸರ ಶರಟು ತೊಟ್ಟು ಅಲ್ಲಿನ ಹಜಾರದಲ್ಲಿ ಕೂತಿದ್ದರು. "ಬಾರೇ ಸುಭದ್ರಾ, ದಾರಿ ಮರೆತಿದ್ದೆಯಾ?" ಎಂದರು. ನಾನು ಪಕ್ಕದ ಕುರ್ಚಿ ಎಳೆದು ಕೂತೆ. ಅಷ್ಟರಲ್ಲಿ ಕಿಟಕಿಯ ಹತ್ತಿರ ನಡುಗುತ್ತ ಕೂತ ಮುದುಕಿಯೊಬ್ಬರ ಮೈಮೇಲೆ ಆ ನೀಲಿ ಸ್ವೆಟರ್ ಕಂಡಿತು. ನರ್ಸಿಗೆ ಹೇಳಿಯೇ ಬಿಡುವೆನೆಂದು ಎದ್ದೆ. ರೂತ್ ನನ್ನ ಮಣಿಕಟ್ಟು ಹಿಡಿದರು.

ಅದೇ ನಮ್ಮ ಕೊನೆಯ ಭೇಟಿ. ಮುಂದಿನ ಸಲ ಹೋಗುವಷ್ಟರಲ್ಲಿ ಅವರ ಮಂಚದಲ್ಲಿ ಬೇರೆಯವರಿದ್ದರು. ಆ ಕೊನೆಯ ಭೇಟಿಯಲ್ಲಿ ರೂತ್ ಸ್ವೆಟರ್ ತೊಟ್ಟ ಮುದುಕಿಯನ್ನೇ ನೋಡುತ್ತ, ನನ್ನ ಕೈ ಬಿಡದೆಯೇ ಹೇಳಿದರು:

"ಕೂತ್ಕೋ. ಅವಳಿಗೆ ಚಳಿ. ಹೆಸರು ಮಾರ್ಗರೆಟ್ ಅಂತೆ, ಕೇಳಿ ಬಂದೆ."