ಪಾಲು ಕೊಡದ ಮನೆ

ಸಂಸ್ಥಾನ ಹೋಗಿ ಹೊಸ ಸರ್ಕಾರ ಬಂದಿದ್ದ ಕಾಲ. ಕಂಪಲಾಪುರದ ಅಂಗಡಿ ಶಿವನಂಜಪ್ಪನ ಹೆಂಡತಿ ಸರ್ವಮಂಗಳಮ್ಮ ಒಂದು ಕಡೆ ಕೂರುವ ಹೆಂಗಸಲ್ಲ. ಊರಲ್ಲಿ ಯಾರಿಗೆ ಕಾಯಿಲೆಯೆಂದರೂ ಓಡುವವಳು. ಅಲ್ಲೊಬ್ಬ ಖಾಸಗಿ ಡಾಕ್ಟರಿದ್ದರು. ಸುಗ್ಗಿಯಲ್ಲಿ ಅವರಿಗೆ ರಾಗಿಯ ಪಾಲು ಅಳೆದುಕೊಟ್ಟ ಮನೆಗೆ ವರ್ಷವೆಲ್ಲ ಚಿಕಿತ್ಸೆ. ಕೊಡದವರಿಗೆ ದೂರದ ಪಿರಿಯಾಪಟ್ಟಣದ ಸರ್ಕಾರಿ ಆಸ್ಪತ್ರೆಯೇ ಗತಿ.

ಒಂದು ಮಧ್ಯಾಹ್ನ ಪಕ್ಕದ ಬೀದಿಯ ಚಿಕ್ಕಬೀರಮ್ಮನಿಗೆ ಹೆರಿಗೆ ಕಷ್ಟವಾಯಿತು. ಮಗು ಅಡ್ಡ ತಿರುಗಿತ್ತು. ಸರ್ವಮಂಗಳಮ್ಮ ಡಾಕ್ಟರ ಬಾಗಿಲಿಗೆ ಓಡಿದಳು.

"ಅವರು ಪಾಲು ಕೊಟ್ಟಿಲ್ಲ ತಾಯಿ. ಒಬ್ಬರಿಗೆ ಬಿಟ್ಟಿ ಬಂದರೆ ನಾಳೆ ಯಾರೂ ಕೊಡಲ್ಲ," ಎಂದರು ಡಾಕ್ಟರು.

"ನಮ್ಮನೆ ಪಾಲಲ್ಲೇ ಬನ್ನಿ ಸ್ವಾಮಿ. ಈ ವರ್ಸ ನಮ್ಗೆ ಕಾಯ್ಲೆನೇ ಬಂದಿಲ್ಲ."

"ಒಂದು ಮನೆ ಪಾಲು ಇನ್ನೊಂದು ಮನೆಗೆ ಆಗಲ್ಲ."

ಅವಳು ತಮ್ಮ ಗಾಡಿಯನ್ನೇ ಕಟ್ಟಿಸಿ ಬಸುರಿಯನ್ನು ಮಲಗಿಸಿಕೊಂಡು ಹೊರಟಳು. ದಾರಿಯುದ್ದಕ್ಕೂ ಕೂರಲಾರದೆ ತಾನು ಗಾಡಿಯಿಂದಿಳಿದು ಎತ್ತುಗಳ ಜೊತೆ ನಡೆಯುವಳು, ಮತ್ತೆ ಹತ್ತುವಳು. ಆಸ್ಪತ್ರೆಯ ನರ್ಸಮ್ಮ ಯಾರ ಮನೆಯೆಂದು ಕೇಳದೆ ಒಳಗೆ ಕರೆದುಕೊಂಡರು. ತಾಯಿ ಉಳಿದಳು, ಮಗು ಉಳಿಯಲಿಲ್ಲ.

"ಒಸಿ ಮುಂಚೆ ಬಂದಿದ್ರೆ ಎರಡೂ ಜೀವ ಉಳೀತಿದ್ವು ಕಣಮ್ಮ," ಎಂದರು ನರ್ಸಮ್ಮ.

ಮುಂದಿನ ಸುಗ್ಗಿಯಲ್ಲಿ ಡಾಕ್ಟರಿಗೆ ರಾಗಿ ಅಳೆಯುತ್ತಿದ್ದ ಗಂಡನ ಕೈಯನ್ನು ಅವಳು ಹಿಡಿದಳು. "ಬ್ಯಾಡ ಕಣ್ರೀ."

"ನಾಳೆ ನಿಂಗೇ ಜ್ವರ ಬಂದ್ರೆ?"

"ಎಲ್ರಂಗೆ ನಾನೂ ಗಾಡಿ ಅತ್ತೀನಿ."

ಹಾಗೆಂದಳೇನೋ ನಿಜ, ಆದರೆ ಅಂದಿನಿಂದ ಗಂಡ ಕೆಮ್ಮಿದರೂ ಓಡಿ ಬಂದು ಹಣೆ ಮುಟ್ಟಿ ನೋಡುತ್ತಿದ್ದಳು. ಕಂಪಲಾಪುರಕ್ಕೇ ಒಂದು ಸರ್ಕಾರಿ ಆಸ್ಪತ್ರೆ ಬೇಕೆಂದು ಚಿಕ್ಕಬೀರಮ್ಮನನ್ನು ಜೊತೆ ಮಾಡಿಕೊಂಡು ತಾಲ್ಲೂಕು ಕಚೇರಿಗೆ ಅಲೆಯತೊಡಗಿದಳು.